ಇಡ್ಲಿ ಪಾತ್ರೆಯಲ್ಲಿ ಬೆಂದ ಚಕ್ರ

ನಿಮ್ಮ ಮನೆಯಲ್ಲಿ ಕೋಣೆಗಳೆಷ್ಟು ಎಂದು ಯಾರಾದರೂ ಕೇಳಿದರೆ ಅಪ್ಪ ಮೂರು ಎನ್ನುತ್ತಿದ್ದರು, ಅಮ್ಮ ಎರಡು ಎನ್ನುತ್ತಿದ್ದಳು. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಅಂಧೇರಿ ಪೂರ್ವದ ಆ ಹಳೆಯ ಬಿಲ್ಡಿಂಗಿನ ನೆಲಮಹಡಿಯಲ್ಲಿ ನಮಗಿದ್ದದ್ದು ಹೊರಗೊಂದು ಕೋಣೆ, ಒಳಗೊಂದು ಅಡುಗೆಮನೆ. ಅಪ್ಪನ ಲೆಕ್ಕದ ಮೂರನೆಯ ಕೋಣೆ ಅಡುಗೆಮನೆಯ ಕಿಟಕಿಯಾಚೆ, ಕಾಂಪೌಂಡಿನಲ್ಲಿ, ಟೈರುಗಳ ಮೇಲೆ ನಿಂತಿತ್ತು. ಅದು ಹಡಗಿನಷ್ಟು ಉದ್ದದ, ಬೆಲ್ಲದ ಬಣ್ಣದ, ಓಬೀರಾಯನ ಕಾಲದ ಒಂದು ಅಮೆರಿಕನ್ ಕಾರು. ಹತ್ತಿರದ ಸ್ಟುಡಿಯೋ ಒಂದರಲ್ಲಿ ಅದಕ್ಕೆ ವರ್ಷಗಟ್ಟಲೆ ಒಂದೇ ಕೆಲಸವಿತ್ತು. ಬಾಗಿಲು ತೆರೆದು ವಿಲನ್ ಅದರಿಂದ ಇಳಿಯಬೇಕು. ಸ್ಟುಡಿಯೋದವರು ಶೆಡ್ಡು ಖಾಲಿ ಮಾಡಿದಾಗ ಅಪ್ಪ ಅದನ್ನು ಗುಜರಿಯ ಬೆಲೆಗೆ ಕೊಂಡು ತಂದರು. ಹಾಗಾಗಿ ಬಿಲ್ಡಿಂಗಿನ ಮಕ್ಕಳಿಗೆಲ್ಲ ಅದು 'ವಿಲನ್'. ನನ್ನನ್ನು ಕೂಡ 'ವಿಲನ್‌ವಾಲಿ' ಎಂದೇ ಕರೆಯುತ್ತಿದ್ದರು.

ಅಪ್ಪ ಫೋರ್ಟಿನ ಒಂದು ಉಡುಪಿ ಹೋಟೆಲಿನಲ್ಲಿ ಮ್ಯಾನೇಜರ್. ವಾರವಿಡೀ ಲೋಕಲ್‌ನಲ್ಲಿ ನೇತಾಡಿಕೊಂಡು ಹೋಗಿ ಬರುವ ಮನುಷ್ಯ, ಭಾನುವಾರ ಮಾತ್ರ ನಮ್ಮನ್ನೆಲ್ಲ ಕೂರಿಸಿಕೊಂಡು ಆ ಕಾರನ್ನು ಜುಹೂವರೆಗೆ ಓಡಿಸಿ, ಸಮುದ್ರಕ್ಕೆ ಒಮ್ಮೆ ಮುಖ ತೋರಿಸಿ, ಹಿಂದೆ ತರುತ್ತಿದ್ದರು. ಉಳಿದ ದಿನಗಳಲ್ಲಿ ಅದು ನಿಂತಲ್ಲೇ ದುಡಿಯುತ್ತಿತ್ತು. ನಾನು ಹಿಂದಿನ ಸೀಟಿನಲ್ಲಿ ಕೂತು ಹೋಮ್‌ವರ್ಕ್ ಮಾಡುತ್ತಿದ್ದೆ. ಅಮ್ಮ ಬಾನೆಟ್ಟಿನ ಮೇಲೆ ಸಂಡಿಗೆ ಒಣಹಾಕುತ್ತಿದ್ದಳು. ನಮ್ಮ ಜೊತೆಗಿದ್ದ ಶಾರದತ್ತೆ, ಅಪ್ಪನ ತಂಗಿ, ಗ್ಲಾಸು ಏರಿಸಿಕೊಂಡು ವಾರಪತ್ರಿಕೆಗಳ ಧಾರಾವಾಹಿ ಓದುತ್ತಿದ್ದಳು. ಎಲ್ಲಕ್ಕಿಂತ ಹೆಚ್ಚಾಗಿ ಅದು ಜಗಳದ ಕೋಣೆಯಾಗಿತ್ತು. ಗೋಡೆಗೆ ಗೋಡೆ ತಾಗಿದ ಬಿಲ್ಡಿಂಗಿನಲ್ಲಿ ಗಂಡಹೆಂಡಿರ ಮಾತು ಮೇಲಿನ ಮಹಡಿಯವರ ಚಹಾಕ್ಕೆ ಬಿಸ್ಕತ್ತಾಗುತ್ತದೆ. ಆದ್ದರಿಂದ ದೊಡ್ಡ ಜಗಳವೊಂದು ಬಂದೇ ತೀರುತ್ತದೆ ಎಂದಾದರೆ ಅಮ್ಮ ಸೆರಗು ಸಿಕ್ಕಿಸಿಕೊಂಡು,

"ನಡೀರಿ, ಕಾರಿನ್ಯಾಗ ಕುಂದ್ರೂಣು," ಎನ್ನುತ್ತಿದ್ದಳು.

ಆಮೇಲೆ ಮುಂದಿನ ಸೀಟಿನಲ್ಲಿ ಇಬ್ಬರೂ ಗ್ಲಾಸು ಏರಿಸಿ ಕೂತು, ಕೈಬೀಸಿ, ಬಾಯಿ ತೆರೆದು ಮುಚ್ಚಿ, ಬೆವರಿ, ಕೊನೆಗೆ ಬಾಗಿಲು ತೆರೆದು ಇಳಿದು ಬರುತ್ತಿದ್ದರು. ಹೊಸದಾಗಿ ಬಂದ ಬಾಡಿಗೆದಾರರೊಬ್ಬರು ಅಮ್ಮನನ್ನು, "ನಿಮ್ಮವರು ಡ್ರೈವಿಂಗ್ ಕಲಿಸುತ್ತಿದ್ದಾರಾ?" ಎಂದು ಕೇಳಿದ್ದೂ ಉಂಟು.

ಜಗಳಕ್ಕೆ ಕಾರಣಗಳಿಗೆ ಬರವಿರಲಿಲ್ಲ. ಅಪ್ಪ ಉಡುಪಿಯ ಕಡೆಯವರು, ಅಮ್ಮ ಬಿಜಾಪುರದ ಕಡೆಯವಳು. ಅಮ್ಮನ ತಂದೆ ರಸ್ತೆ ಕೆಲಸದ ಮೇಸ್ತ್ರಿಯಾಗಿ ಮುಂಬೈಗೆ ಬಂದವರು. ಅಪ್ಪನ ಹೋಟೆಲಿನಲ್ಲಿ ಚಹಾ ಕುಡಿಯುತ್ತಾ ಕುಡಿಯುತ್ತಾ ಮಾವನಾದವರು. ಒಂದೇ ಒಲೆಯ ಮೇಲೆ ಬೆಳಗ್ಗೆ ಕುಚ್ಚಲಕ್ಕಿ ಗಂಜಿ ಕುದಿಯಬೇಕು, ರಾತ್ರಿ ಜೋಳದ ರೊಟ್ಟಿ ಉಬ್ಬಬೇಕು. ಅಪ್ಪನಿಗೆ ರೊಟ್ಟಿ ಎಂದರೆ ಹೋಟೆಲಿನ ಪಾರ್ಸೆಲ್ಲಿನ ರಟ್ಟು, ಅಮ್ಮನಿಗೆ ಗಂಜಿ ಎಂದರೆ ಕಾಯಿಲೆಯವರ ಊಟ. ಅಮ್ಮನಿಗೆ ತುಳು ಬಾರದ್ದರಿಂದ ಮನೆಯ ಮಾತು ಕನ್ನಡವೇ ಆಗಿತ್ತು, ಆದರೆ ಅದೂ ಎರಡು ಕನ್ನಡ. 'ಉಂಟು' ಒಂದು ಕಡೆ, 'ಐತಿ' ಇನ್ನೊಂದು ಕಡೆ. ನಾನು ಎರಡನ್ನೂ ಬೆರೆಸಿ ಮಾತಾಡಿ ಇಬ್ಬರಿಂದಲೂ ಬೈಸಿಕೊಳ್ಳುತ್ತಿದ್ದೆ.

ಈ ಸಂಸಾರ ಹೀಗೆ ಸುಖವಾಗಿ ಕಾದಾಡುತ್ತಿದ್ದಾಗ ಕಾರು ಎಣ್ಣೆ ಸುರಿಸಲು ಶುರುಮಾಡಿತು. ಮೊದಲು ಎಂಜಿನ್ನಿನ ಕೆಳಗೆ ಕಾಸಗಲದ ಕಪ್ಪು ಚುಕ್ಕೆ. ಬರಬರುತ್ತಾ ದೋಸೆಯಷ್ಟಾಯಿತು. ಅಮ್ಮ ಹಳೆಯ ತಟ್ಟೆಯೊಂದನ್ನು ಇಟ್ಟಳು, ತಟ್ಟೆ ತುಂಬಿ ಹರಿಯಿತು. ಕಾರು ನಿಂತಲ್ಲೇ ಗಡಗಡ ನಡುಗುವ ಚಾಳಿಯನ್ನೂ ಕಲಿಯಿತು. ಅಪ್ಪ ಚಾಲೂ ಮಾಡಿದರೆ ಅಡುಗೆಮನೆಯ ಲೋಟಗಳು ಮಾತಾಡುತ್ತಿದ್ದವು. ಕೊನೆಗೊಂದು ಬೆಳಗ್ಗೆ ಬಿಲ್ಡಿಂಗಿನ ಸೆಕ್ರೆಟರಿ ಸಾವಂತ್ ಕಾಕಾ ಹೊಸ ಬಿಳಿ ಪ್ಯಾಂಟು ತೊಟ್ಟು ಹಾಲು ತರಲು ಹೊರಟವರು ಆ ಎಣ್ಣೆಯ ಮೇಲೆ ಕಾಲಿಟ್ಟು, ಜಾರಿ, ಕೂತಲ್ಲೇ ನಮ್ಮ ಬಾಗಿಲವರೆಗೆ ಬಂದರು. ಹಾಲಿನ ಪಾತ್ರೆ ಮಾತ್ರ ಕೈಯಲ್ಲಿ ನೆಟ್ಟಗಿತ್ತು. ಅದೇ ಸಂಜೆ ಟೆರೇಸಿನಲ್ಲಿ ಮೀಟಿಂಗು ಸೇರಿತು. ಗಣಪತಿಯ ಮಂಟಪ ಪ್ರತಿವರ್ಷ ಏಳುವುದು ಕಾರು ನಿಲ್ಲುವ ಜಾಗದ ಪಕ್ಕದಲ್ಲೇ.

"ಅಣ್ಣಾ, ತೇಲ್ ಬಂದ್ ಕರಾ. ನಾಹೀತರ್ ಗಾಡೀ ಭಂಗಾರಾತ್!" ಎಂದು ಸಾವಂತ್ ಕಾಕಾ ತೀರ್ಪು ಕೊಟ್ಟರು. ಮಂಟಪದ ಬಿದಿರು ಬರುವ ಮೊದಲು ಎಣ್ಣೆ ನಿಲ್ಲಬೇಕು, ಇಲ್ಲವಾದರೆ ಕಾರು ಗುಜರಿಗೆ.

ಅಪ್ಪ ಆ ರಾತ್ರಿ ಊಟ ಬಿಟ್ಟರು. ಅಮ್ಮನಿಗೆ ಒಳಗೊಳಗೇ ಖುಷಿಯಾಗಿರಬೇಕೆಂದು ನಾನು ಎಣಿಸಿದ್ದೆ. ಆದರೆ ಪಾತ್ರೆ ತೊಳೆಯುತ್ತಾ ಅವಳು, "ಹಂಗಾದ್ರ ನಾವು ಜಗಳಾ ಎಲ್ಲಿ ಮಾಡೂದು?" ಎಂದು ತನ್ನಷ್ಟಕ್ಕೇ ಕೇಳಿಕೊಂಡಳು. ಆ ಕಾರಿನ ಅಗತ್ಯ ನಮ್ಮೆಲ್ಲರಿಗಿಂತ ಶಾರದತ್ತೆಗೇ ಹೆಚ್ಚಿತ್ತು.

ಅತ್ತೆ ಅಂಧೇರಿಯ ಒಂದು ಕಾರ್ಖಾನೆಯಲ್ಲಿ ಕರೆಂಟಿನ ಸ್ವಿಚ್ಚುಗಳೊಳಗೆ ಸ್ಪ್ರಿಂಗು ಕೂರಿಸುವ ಕೆಲಸ ಮಾಡುತ್ತಿದ್ದಳು. ವಯಸ್ಸು ಮೂವತ್ತು ದಾಟಿತ್ತು. ಆಗಾಗ ಯಾರಾದರೂ ಅವಳನ್ನು ನೋಡಲು ಬರುತ್ತಿದ್ದರು. ಅವಳು ಸೀರೆಯುಟ್ಟು, ಟ್ರೇ ಹಿಡಿದು, ತಲೆ ತಗ್ಗಿಸಿ ಬಂದು ಕೂರಬೇಕು. ಹಾಡಲು ಬರುತ್ತದೆಯೇ ಎಂದು ಅವರು ಕೇಳಬೇಕು. ಕೇಸರಿಬಾತು ತಿಂದು, ಊರಿಗೆ ಬರೆದು ತಿಳಿಸುತ್ತೇವೆ ಎಂದು ಹೇಳಿ ಹೋಗಬೇಕು. ಅವರು ಗೇಟು ದಾಟಿದೊಡನೆ ಅತ್ತೆ ಸೀರೆಯಲ್ಲೇ ಹೋಗಿ ಕಾರಿನ ಹಿಂದಿನ ಸೀಟಿನಲ್ಲಿ ಕೂತು ಗ್ಲಾಸು ಏರಿಸುತ್ತಿದ್ದಳು. ಆಗ ಯಾರೂ ಆ ಕಡೆ ಸುಳಿಯಬಾರದೆಂಬುದು ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳದ ಕಾನೂನು.

ಅನ್ವರ್ ಭಾಯ್ ಎಂಬ ಮೆಕ್ಯಾನಿಕ್ ಬಂದು ರಟ್ಟು ಹಾಸಿ ಕಾರಿನ ಕೆಳಗೆ ಮಲಗಿ, ಎದ್ದು, "ಡ್ಯಾಂಪರ್ ಗಯಾ ಅಣ್ಣಾ. ಸೀಲ್ ಭೀ ಗಯಾ," ಎಂದ. ಅದೇನೆಂದು ಅಪ್ಪ ನಮಗೆ ಊಟದ ಹೊತ್ತಿಗೆ ತಟ್ಟೆಯಲ್ಲೇ ವಿವರಿಸಿದರು. ಎಂಜಿನ್ನಿನೊಳಗೆ ತಿರುಗುವ ದೊಡ್ಡ ದಂಡ ಒಂದುಂಟು. ಅದರ ಮೂತಿಗೆ ಭಾರದ ಚಕ್ರವೊಂದು ಸಿಕ್ಕಿಸಿರುತ್ತದೆ. ಚಕ್ರದ ನಡುವಿನ ಗುಂಬ ಬೇರೆ, ಹೊರಗಿನ ಬಳೆ ಬೇರೆ, ಎರಡರ ನಡುವೆ ರಬ್ಬರು. ಎಂಜಿನ್ನು ಒಳಗೆ ಢಂ ಢಂ ಎಂದಾಗಲೆಲ್ಲ ದಂಡ ನಡುಗುತ್ತದೆ. ಆ ನಡುಕವನ್ನು ನುಂಗುವುದೇ ಈ ಚಕ್ರದ ಕೆಲಸ. ರಬ್ಬರು ಕೊಳೆತು ಚಕ್ರ ಓಲಾಡತೊಡಗಿದರೆ ಅದರ ಹಿಂದೆ ಎಣ್ಣೆ ತಡೆಯುವ ಸೀಲು ಎಂಬ ಉಂಗುರವೂ ಸವೆದು ಸೋರುತ್ತದೆ. ಅಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಎಲ್ಲವನ್ನೂ ಕೇಳಿದಳು.

"ಅಂದ್ರ ಅದು ನನ್ನಂಗ. ಎಲ್ಲಾರ ನಡುಕಾನೂ ನುಂಗಿಕೊಂಡು ಕುಂದ್ರಬೇಕು," ಎಂದಳು.

ಅಪ್ಪ ನನ್ನನ್ನು ಕರೆದುಕೊಂಡು ಚೋರ್ ಬಜಾರಿಗೆ ಹೋಗಿ, ಹಳೆಯ ಎಂಜಿನ್ನುಗಳ ಗುಡ್ಡೆಯಲ್ಲಿ ಕೈಯಾಡಿಸಿ, ಅದೇ ಜಾತಿಯ ಚಕ್ರವೊಂದನ್ನು ಹುಡುಕಿದರು. ಸೀಲು ಕೂರುವ ಜಾಗದಲ್ಲಿ ಉಗುರು ಎಳೆದು ಗೀರಿಲ್ಲವೆಂದು ಖಾತ್ರಿ ಮಾಡಿಕೊಂಡರು. ಬರುವಾಗ ಲೋಕಲ್‌ನ ಲಗೇಜು ಹಲಗೆಯ ಮೇಲೆ ಅದನ್ನಿಟ್ಟಾಗ ಕೆಳಗೆ ಕೂತಿದ್ದ ಗುಜರಾತಿ ಗೃಹಸ್ಥರು ಮೇಲೆ ನೋಡಿ, ಎದ್ದು, ದಾದರ್ ಇನ್ನೂ ದೂರವಿರುವಾಗಲೇ ಬಾಗಿಲ ಕಡೆ ನಡೆದರು. ಅವರ ಸೀಟು ನನಗೆ ಸಿಕ್ಕಿತು. ಚಕ್ರ ನನ್ನ ತೊಡೆಗೆ ಬಂತು. ಅಂಧೇರಿಯಲ್ಲಿ ಇಳಿಯುವಾಗ ನನಗೆ ಎರಡೂ ಕಾಲು ಜೋಮು ಹಿಡಿದಿತ್ತು.

ಅನ್ವರ್ ಭಾಯ್ ಚಕ್ರ ಎಳೆಯುವ ಪುಲ್ಲರ್ ಎಂಬ ಸಾಮಾನನ್ನು ನಮ್ಮಲ್ಲೇ ಬಿಟ್ಟು, ಭಾನುವಾರ ಊಟದ ಮೇಲೆ ತನ್ನ ಆದ್ಮಿಯೊಬ್ಬನನ್ನು ಕಳಿಸುವುದಾಗಿ ಮಾತು ಕೊಟ್ಟ. ಅಪ್ಪ ಖುಷಿಯಿಂದ ಒಪ್ಪಿದರು. ಶನಿವಾರ ಸಂಜೆ ಅಮ್ಮ ಕೇಸರಿಬಾತಿಗೆ ರವೆ ಹುರಿಯುವುದನ್ನು ಕಂಡಾಗಲೇ ಅವರಿಗೆ ನೆನಪಾದದ್ದು. ಹೋಟೆಲಿನ ಅಡುಗೆ ಭಟ್ಟರು ಗೊತ್ತುಮಾಡಿದ ಹುಡುಗನೊಬ್ಬ ತನ್ನ ಅಣ್ಣ ಅತ್ತಿಗೆಯರ ಜೊತೆ ಅದೇ ಭಾನುವಾರ ಕಾಫಿಯ ಹೊತ್ತಿಗೆ ಶಾರದತ್ತೆಯನ್ನು ನೋಡಲು ಬರುವವನಿದ್ದ.

"ನಿಮಗ ತಂಗಿ ಲಗ್ನಾ ದೊಡ್ಡದೋ ಕಾರಿನ ಚಕ್ರಾ ದೊಡ್ಡದೋ?"

"ಎರಡೂ ಒಟ್ಟಿಗೆ ಆಗ್ತದೆ ಮಾರಾಯ್ತಿ. ಅವರು ಬರುವಷ್ಟರಲ್ಲಿ ಕಾರು ಚಾಲೂ. ನೋಡಿದವರಿಗೂ ಒಂದು ಗೌರವ."

"ಚಾಲೂ ಆದ್ರ ಬಸಿ ಹಿಡಕೊಂಡು ಕುಂತವ್ರು ಚಹಾ ಮೈಮ್ಯಾಲ ಹಾಕ್ಕೋತಾರ!"

ಆ ಜಗಳವನ್ನು ಕಾರಿನಲ್ಲಿ ಮುಂದುವರಿಸಿದರು.

ಭಾನುವಾರ ಬೆಳಗ್ಗೆಯೇ ಅಪ್ಪ ತಾಳ್ಮೆಗೆಟ್ಟು ರೇಡಿಯೇಟರಿನ ನೀರು ಬಿಟ್ಟು, ಅದನ್ನು ಬಿಚ್ಚಿ ಗೋಡೆಗೆ ಒರಗಿಸಿದರು. ಫ್ಯಾನು, ಬೆಲ್ಟು ಹೊರಗೆ ಬಂದವು. ಆಮೇಲೆ ಚಕ್ರದ ನಡುವಿನ ಬೋಲ್ಟಿಗೆ ಸ್ಪ್ಯಾನರ್ ಹಾಕಿ ನೇತಾಡಿದರು, ಅದು ಅಲುಗಲಿಲ್ಲ. ಕಿಟಕಿಯಿಂದ ನೋಡುತ್ತಿದ್ದ ಅತ್ತೆಗೆ ತಡೆಯಲಾಗಲಿಲ್ಲ. ಚೂಡಿದಾರದ ಮೇಲೆ ಅಪ್ಪನ ಹಳೆಯ ಖಾಕಿ ಅಂಗಿ ಏರಿಸಿ, ತಲೆಗೆ ಅಡುಗೆಮನೆಯ ಬಟ್ಟೆ ಕಟ್ಟಿ ಹೊರಗೆ ಬಂದಳು.

"ಶಾರದಾ, ನಿನ್ನ ನೋಡಾಕ ಬರ್ತಾರ!" ಎಂದು ಅಮ್ಮ ಕಿಟಕಿಯಿಂದ ಕೂಗಿದಳು.

"ಸಂಜೆಗೆ ಅಲ್ವಾ ಅತ್ತಿಗೆ? ಇನ್ನೂ ಹೊತ್ತುಂಟು," ಎಂದು ಅತ್ತೆ ಕಾರಿನ ಕೆಳಗೆ ನುಸುಳಿದಳು.

ಊಟವಾಗಿ ಸ್ವಲ್ಪ ಹೊತ್ತಿಗೆ ಗೇಟಿನಲ್ಲಿ ಒಬ್ಬ ಮನುಷ್ಯ ಬಂದು ನಿಂತ. ತೆಳ್ಳಗೆ, ಉದ್ದ, ಕನ್ನಡಕ, ಇಸ್ತ್ರಿ ಮಾಡಿದ ಕೆನೆಬಣ್ಣದ ಅಂಗಿ. ಒಳಗೆ ಬರಲೋ ಹಿಂದೆ ಹೋಗಲೋ ಎಂಬಂತೆ ಎರಡು ಬಾರಿ ಗೇಟು ತೆರೆದು ಮುಚ್ಚಿದ. ಅಪ್ಪ ಬಾನೆಟ್ಟಿನೊಳಗಿಂದ ತಲೆಯೆತ್ತಿದರು.

"ಅನ್ವರ್ ಭಾಯ್ ನೇ ಭೇಜಾ ನಾ?"

"ಜೀ? ನಹೀಂ... ವೋ... ಮೈಂ ತೋ..."

"ಲೇಟ್ ಹೋ ಗಯಾ. ಆವೋ, ಪಕಡೋ!" ಎಂದು ಅಪ್ಪ ಅವನ ಕೈಗೆ ಉದ್ದದ ಕಬ್ಬಿಣದ ಪೈಪೊಂದನ್ನು ಕೊಟ್ಟೇಬಿಟ್ಟರು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ, "ಇಸ್ತ್ರಿ ಅಂಗಿ ಹಾಕಿ ಬಂದಿದ್ದಾನೆ. ದೊಡ್ಡ ಮೆಕ್ಯಾನಿಕ್ಕೇ ಇರಬೇಕು," ಎಂದರು.

ಅವನು ಪೈಪನ್ನು ನೋಡಿದ. ಕಾರಿನ ಕೆಳಗಿಂದ ಹೊರಚಾಚಿದ್ದ ಅತ್ತೆಯ ಕಾಲುಗಳನ್ನು ನೋಡಿದ. ಅಷ್ಟರಲ್ಲಿ ಅತ್ತೆ ಹೊರಬಂದು, ಪೈಪನ್ನು ಸ್ಪ್ಯಾನರಿನ ಹಿಡಿಗೆ ತೂರಿಸಿ, ಅದರ ತುದಿ ಹಿಡಿಯುವಂತೆ ಸನ್ನೆ ಮಾಡಿದಳು. ಕಾರನ್ನು ಗೇರಿನಲ್ಲಿಟ್ಟು ಅಪ್ಪ ಒಳಗೆ ಕೂತು ಬ್ರೇಕು ಒತ್ತಿದರು. ಅತ್ತೆ ಮತ್ತು ಅವನು ಪೈಪಿಗೆ ಜೋತುಬಿದ್ದರು. ಪಟಾಕಿ ಸಿಡಿದಂತೆ ಸದ್ದಾಯಿತು, ಬೋಲ್ಟು ಸಡಿಲವಾಯಿತು. ಅವನು ಪೈಪಿನ ಸಮೇತ ಅಮ್ಮನ ತುಳಸಿ ಡಬ್ಬದ ಮೇಲೆ ಬಿದ್ದ.

ಅನ್ವರ್ ಭಾಯ್‌ನ ಆದ್ಮಿಗೆ ಕನ್ನಡ ಎಲ್ಲಿಂದ ಬರಬೇಕು ಎಂಬ ಧೈರ್ಯದಲ್ಲಿ ಅಣ್ಣ ತಂಗಿ ಅವನ ಎದುರಿಗೇ ಮಾತಿಗೆ ತೊಡಗಿದರು.

"ಅಣ್ಣ, ಇವನಿಗೆ ಎಂತದೂ ಗೊತ್ತಿಲ್ಲ. ಸ್ಪ್ಯಾನರನ್ನು ಪಾಯಸದ ಚಮಚದ ಹಾಗೆ ಹಿಡಿದಿದ್ದಾನೆ ನೋಡು."

"ಇರ್ಲಿ, ಹೇಳಿದ್ದು ಕೇಳ್ತಾನಲ್ಲ. ಸಂಜೆ ಬರುವವನೂ ಹೀಗೇ ಅಂತೆ. ಭಟ್ರು ಹೇಳಿದ್ರು. ಅಣ್ಣ ಕೂತ್ಕೋ ಅಂದ್ರೆ ಕೂತ್ಕೊಳ್ತಾನಂತೆ, ಏಳು ಅಂದ್ರೆ ಏಳ್ತಾನಂತೆ. ಇಲಿಮರಿ."

"ಮತ್ತೆ ಯಾಕೆ ಬರ್ಲಿಕ್ಕೆ ಹೇಳಿದ್ದು?"

"ಭಟ್ರ ಮಾತು ಹೇಗೆ ತೆಗೆದುಹಾಕುವುದು? ಬಂದು ಕೇಸರಿಬಾತು ತಿಂದು ಹೋಗ್ಲಿ ಪಾಪ."

ಆ ಮನುಷ್ಯ ತಲೆ ತಗ್ಗಿಸಿ ಒಂದು ನಟ್ಟನ್ನು ಬಟ್ಟೆಯಲ್ಲಿ ಉಜ್ಜುತ್ತಿದ್ದ, ಹೊಳೆಯುವವರೆಗೂ ಉಜ್ಜಿದ. ಅಪ್ಪ ಚಕ್ರವನ್ನು ಹಿಡಿದು ಸ್ವಲ್ಪ ಎಳೆದದ್ದೇ, ಕೊಳೆತ ರಬ್ಬರಿನಿಂದ ಹೊರಬಳೆ ಕಳಚಿ ಅವರ ಕೈಗೆ ಬಂತು. ಗುಂಬ ಅಲ್ಲೇ ಉಳಿಯಿತು. ವಿಷ್ಣುವಿನಂತೆ ಬಳೆಯನ್ನೆತ್ತಿ ಹಿಡಿದು ನಿಂತ ಅಪ್ಪನನ್ನು ಕಂಡು ಮೇಲಿನ ಮಹಡಿಯವರು ಕೈಮುಗಿದು ನಕ್ಕರು. ಗುಂಬಕ್ಕೆ ಪುಲ್ಲರ್ ಸಿಕ್ಕಿಸಿ ಅತ್ತೆ ತಿರುಗಿಸಿದಳು. ಅವನು ಟಾರ್ಚು ಹಿಡಿದ. "ಇಧರ್! ಇಧರ್ ಬತ್ತೀ! ಮೇರೇ ಮೂಹ್ ಪೇ ನಹೀಂ!" ಎಂದು ಅತ್ತೆ ಗದರಿದಳು. ಅವನು ಬೆಳಕನ್ನು ಅವಳ ಮುಖದಿಂದ ತಟ್ಟನೆ ಎಂಜಿನ್ನಿಗೆ ತಿರುಗಿಸಿದ.

ಗುಂಬ ಹೊರಬಂದ ಮೇಲೆ ಎಲ್ಲರೂ ಉಸ್ಸೆಂದು ಕೂತರು. ಕೆಲಸಕ್ಕೆ ಬಂದವರು ಹಸಿದು ಹೋಗಬಾರದೆಂಬುದು ಅಮ್ಮನ ತವರಿನ ನಿಯಮ. ಕೇಸರಿಬಾತು ಮುಚ್ಚಿಟ್ಟದ್ದು ಹುಡುಗನಿಗೆ; ಅದನ್ನು ಮುಟ್ಟುವಂತಿಲ್ಲ. ಆದ್ದರಿಂದ ಬೆಳಗಿನ ರೊಟ್ಟಿ, ಶೇಂಗಾ ಚಟ್ನಿ, ಒಂದು ಈರುಳ್ಳಿ ತಂದು ಅವನ ಮುಂದಿಟ್ಟಳು. ಅವನು ಮೆಟ್ಟಿಲ ಮೇಲೆ ಕೂತು ಬೆರಳ ತುದಿಗಳಿಂದ ಹಿಡಿದು ತಿಂದ. ಹಾಲಿನವನಿಂದ ಹಿಡಿದು ಪೋಸ್ಟಿನವನವರೆಗೆ ಎಲ್ಲರೊಡನೆ ತನ್ನ ಕನ್ನಡವನ್ನೇ ಆಡುವ ಅಮ್ಮ ಅಭ್ಯಾಸಬಲದಿಂದ ಕೇಳಿದಳು.

"ಇನ್ನೊಂದು ರೊಟ್ಟಿ ಹಾಕ್ಲೇನು?"

"ಸಾಕು ಅಕ್ಕ," ಎಂದ ಅವನು.

ಒಲೆಯ ಮೇಲಿಟ್ಟ ಹಾಲು ಉಕ್ಕೀತೆಂದು ಅಮ್ಮ, ಅವನು ಕನ್ನಡದಲ್ಲಿ ಉತ್ತರಿಸಿದ್ದನ್ನು ಗಮನಿಸದೆ, ಒಳಗೆ ಓಡಿದಳು. ನಾನು ಓಡಲಿಲ್ಲ. ಅವನ ಪಕ್ಕದಲ್ಲಿ ಕೂತೆ.

"ನಿಮಗೆ ಕನ್ನಡ ಬರ್ತದಾ?"

"ಮೆಲ್ಲಗೆ ಮಾತಾಡು ಮಗಾ."

"ನೀವು ಮೆಕ್ಯಾನಿಕ್ ಅಲ್ವಾ?"

"ಅಲ್ಲ."

"ಮತ್ತೆ ಯಾರು?"

ಅವನು ತನ್ನ ಕಪ್ಪು ಕೈಗಳನ್ನು ಒಮ್ಮೆ ನೋಡಿಕೊಂಡು, "ಇಲಿಮರಿ," ಎಂದ.

ನನಗೆ ನಗು ಉಕ್ಕಿ ಬಂದು ಲಂಗವನ್ನು ಬಾಯಿಗೆ ತುರುಕಿಕೊಂಡೆ. ಅವನು ಬೇಡಿಕೊಂಡ. ಈಗಲೇ ಹೇಳಿದರೆ ನಿನ್ನ ಅಪ್ಪನಿಗೆ ತುಂಬ ನಾಚಿಕೆಯಾಗುತ್ತದೆ, ಚಕ್ರವೂ ಅರ್ಧಕ್ಕೇ ನಿಲ್ಲುತ್ತದೆ, ಕೆಲಸ ಮುಗಿಯಲಿ, ನಾನೇ ಹೇಳುತ್ತೇನೆ. ಒಬ್ಬ ದೊಡ್ಡ ಮನುಷ್ಯ ತನ್ನ ಮಾನವನ್ನು ನನ್ನ ಕೈಗೆ ಕೊಟ್ಟದ್ದು ನನ್ನ ಬದುಕಿನಲ್ಲಿ ಅದೇ ಮೊದಲು. ನಾನು ಒಪ್ಪಿದೆ. ಅಂದಿನಿಂದ ನನಗೆ ಗುಟ್ಟುಗಳೆಂದರೆ ಹೊಟ್ಟೆಯೊಳಗಿನ ಕಚಗುಳಿ.

ಹಳೆಯ ಸೀಲು ಒಣಗಿದ ಕೊಬ್ಬರಿ ಚೂರಿನಂತೆ ಗಟ್ಟಿಯಾಗಿತ್ತು. ಅತ್ತೆ ಅದನ್ನು ಲೋಹಕ್ಕೆ ಗೀರು ಬೀಳದಂತೆ ಮೀಟಿ ತೆಗೆದಳು. ಹೊಸದರ ಅಂಚಿಗೆ ಎಣ್ಣೆ ಸವರಿ, ತುಟಿ ಒಳಮುಖವಾಗಿ ಹಿಡಿದಳು. ಅದನ್ನು ಸುತ್ತಲೂ ಒಂದೇ ಸಮನಾಗಿ ಒತ್ತಿ ಕೂರಿಸಬೇಕು. ಒಂದು ಕಡೆ ಬಡಿದರೆ ಇನ್ನೊಂದು ಕಡೆ ಏಳುತ್ತದೆ. ಅಷ್ಟೇ ಅಗಲದ ಗಟ್ಟಿ ಕೊಳವೆಯೊಂದು ಬೇಕಿತ್ತು. ಅಪ್ಪ ಸೀಲನ್ನು ಹಿಡಿದುಕೊಂಡು ಮನೆಯೆಲ್ಲ ಸುತ್ತಿ, ಲೋಟ, ಡಬ್ಬ, ಪಾವು ಎಲ್ಲದಕ್ಕೂ ಇಟ್ಟು ನೋಡಿ, ಕೊನೆಗೆ ಅಮ್ಮನ ಹಿತ್ತಾಳೆಯ ಚಕ್ಕುಲಿ ಒರಳನ್ನು ಎತ್ತಿಕೊಂಡು ಹೊರಗೆ ಓಡಿದರು. ಹಿಂದೆ ಅಮ್ಮ.

"ಅದು ನನ್ನ ತವರಿಂದು! ಗಣಪತಿಗೆ ಚಕ್ಕುಲಿ ಯಾತರಾಗ ಒತ್ತಲಿ?"

"ಎಣ್ಣೆ ನಿಲ್ಲದಿದ್ರೆ ಗಣಪತಿಯೇ ಜಾರಿ ಬೀಳ್ತಾನೆ ಮಾರಾಯ್ತಿ!"

ಒರಳಿನ ಬಾಯಿ ಸೀಲಿನ ಅಂಚಿಗೆ ಹೇಳಿ ಮಾಡಿಸಿದಂತೆ ಕೂತಿತು. ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದಾಗ ಸೀಲು ಒಳಗೆ ಹೋಗಿ ಕೂತ ಸದ್ದು ಬದಲಾದದ್ದು ಅಮ್ಮನಿಗೂ ಕೇಳಿಸಿತು. "ಕುಂತಿತು," ಎಂದು ಅವಳೇ ಮೊದಲು ಹೇಳಿದಳು.

ಇನ್ನು ಉಳಿದದ್ದು ಹೊಸ ಚಕ್ರ. ಅದನ್ನು ಸುತ್ತಿಗೆಯಿಂದ ಬಡಿಯಬಾರದು, ಬಿಸಿನೀರಿನಲ್ಲಿ ಕುದಿಸಿದರೆ ಲೋಹ ಚೂರು ಹಿಗ್ಗುತ್ತದೆ, ಬಿಸಿಯಿರುವಾಗಲೇ ಉದ್ದದ ಬೋಲ್ಟಿನಿಂದ ಎಳೆದು ಕೂರಿಸಬೇಕೆಂದು ಅನ್ವರ್ ಭಾಯ್ ಹೇಳಿಹೋಗಿದ್ದ. ಅಪ್ಪ ಹೋಟೆಲಿನಿಂದ ತಂದಿದ್ದ ದೊಡ್ಡ ಇಡ್ಲಿ ಪಾತ್ರೆಯಲ್ಲಿ ಚಕ್ರ ಮುಳುಗಿತು. ಅಮ್ಮ ಮುಚ್ಚಳ ಎತ್ತಿ ಎತ್ತಿ ನೋಡಿದಳು.

"ಇದು ಬೆಂದದ್ದು ಹೆಂಗ ಗೊತ್ತಾಗಬೇಕು? ಕಡ್ಡಿ ಚುಚ್ಚಿ ನೋಡ್ಲೇನು?"

ಬೆಂದಿತೆಂದು ಅಪ್ಪ ತೀರ್ಮಾನಿಸಿದರು. ಗೋಣಿತಾಟಿನಲ್ಲಿ ಸುತ್ತಿ, ಹಬೆಯಾಡುವ ಚಕ್ರವನ್ನು ಹೊತ್ತು ಓಡಿದರು. ಆ ಮನುಷ್ಯ ಎರಡೂ ಕೈಗಳಿಂದ ಅದನ್ನು ದಂಡದ ಮೂತಿಗೆ ಹಿಡಿದ. ಅತ್ತೆ ಕಣ್ಣು ಕಿರಿದಾಗಿಸಿ ಚಕ್ರದ ಒಳಗಿನ ಸೀಳನ್ನು ದಂಡದ ಮೇಲಿನ ಕೀಲಿಗೆ ಹೊಂದಿಸಿ, ಬೋಲ್ಟು ತೂರಿಸಿ, ನಟ್ಟು ತಿರುಗಿಸತೊಡಗಿದಳು. ಗೇಟಿನಲ್ಲಿ ಆಟೋ ನಿಂತದ್ದು ಆಗಲೇ. ಸಫಾರಿ ಸೂಟಿನ ದಪ್ಪ ಮನುಷ್ಯರೊಬ್ಬರು, ಮೈಸೂರು ಸಿಲ್ಕಿನ ಹೆಂಗಸೊಬ್ಬರು ಇಳಿದು ಒಳಗೆ ಬಂದರು. ದಪ್ಪ ಮನುಷ್ಯರು ಅಲ್ಲೇ ನಿಂತುಬಿಟ್ಟರು.

"ಸದಾಶಿವಾ! ಎಂತ ಇದು?"

"ಒಂದು ನಿಮಿಷ ಅಣ್ಣಾ," ಎಂದ ಮೆಕ್ಯಾನಿಕ್, ಅಚ್ಚ ಕನ್ನಡದಲ್ಲಿ.

ಅಪ್ಪನ ಮುಖವನ್ನು ನಾನು ಈಗಲೂ ಬಣ್ಣಿಸಲಾರೆ. ಅವರು ಮಧ್ಯಾಹ್ನದಿಂದ ಆಡಿದ ಮಾತುಗಳೆಲ್ಲ ಒಂದೊಂದಾಗಿ ನೆನಪಿಗೆ ಬರುತ್ತಿದ್ದುದು ಹೊರಗಿನಿಂದಲೇ ಕಾಣುತ್ತಿತ್ತು. ಸದಾಶಿವನ ಕೈ ಸಡಿಲವಾಯಿತು.

"ಬಿಡ್ಬೇಡಿ! ತಣಿದ್ರೆ ಹೋಗುದಿಲ್ಲ!" ಎಂದು ಅತ್ತೆ ಕಿರುಚಿದಳು, ಅವಳೂ ಕನ್ನಡದಲ್ಲಿ. ಅವನು ಗಟ್ಟಿಯಾಗಿ ಹಿಡಿದ.

"ನಿನಗೆ ಸಂಜೆ ನಮ್ಮ ಜೊತೆ ಬಾ ಅಂದದ್ದು. ಬೆಳಗ್ಗೆಯೇ ಮನೆಯಿಂದ ಕಾಣೆ. ಏಳು ಮೊದಲು!" ಎಂದರು ಅಣ್ಣ.

"ಏಳ್ಲಿಕ್ಕೆ ಆಗುದಿಲ್ಲ," ಎಂದ ಸದಾಶಿವ.

ಅತ್ತಿಗೆಯವರು ಕರ್ಚೀಫು ಮೂಗಿಗೆ ಹಿಡಿದು, "ಹುಡುಗಿ ಎಲ್ಲಿ?" ಎಂದು ಅಮ್ಮನನ್ನು ಕೇಳಿದರು. ಅಮ್ಮ ಕಾರಿನ ಮೂತಿಯ ಕಡೆ ಕೈತೋರಿಸಿ, ಬೇರೇನೂ ತೋಚದೆ, "ಅಲ್ಲೇ ಅದಾಳ್ರಿ, ಕುಂದರ್ರಿ," ಎಂದಳು. ಕೂರಲು ಅಲ್ಲಿದ್ದದ್ದು ಸ್ಟೆಪ್ನಿ ಟೈರು. ಖಾಕಿ ಅಂಗಿಯ, ತಲೆಗೆ ಮಸಿಬಟ್ಟೆ ಕಟ್ಟಿದ ಹುಡುಗಿಯನ್ನು ಅವರು ತುಂಬ ಹೊತ್ತು ನೋಡಿದರು. ಬಂದ ಮೇಲೆ ಕೇಳಲೇಬೇಕಾದದ್ದನ್ನು ಕೇಳಿಬಿಡೋಣವೆಂದು,

"ಹಾಡ್ಲಿಕ್ಕೆ ಬರ್ತದಾ?" ಎಂದರು.

"ಬೈಲಿಕ್ಕೆ ಚೆನ್ನಾಗಿ ಬರ್ತದೆ ಅತ್ತಿಗೆ," ಎಂದ ಸದಾಶಿವ, ಚಕ್ರದಿಂದ ಕಣ್ಣು ತೆಗೆಯದೆ. ಅತ್ತೆಯ ಕೈಯ ಸ್ಪ್ಯಾನರ್ ಒಂದು ಗಳಿಗೆ ನಿಂತು, ಮತ್ತೆ ತಿರುಗಿತು. ಚಕ್ರ ಹೋಗಿ ಕೊನೆಗೆ ತಾಗಿ ನಿಂತಿತು.

ಆಮೇಲೆ ನಡೆದ ಉಪಚಾರದಲ್ಲಿ ಎಲ್ಲವೂ ಅದಲು ಬದಲಾಯಿತು. ಅನ್ವರ್ ಭಾಯ್‌ನ ನಿಜವಾದ ಆದ್ಮಿ ಕೊನೆಗೂ ಬರಲೇ ಇಲ್ಲ. ಕೇಸರಿಬಾತನ್ನು ಅಣ್ಣ ಅತ್ತಿಗೆ ಕಾರಿನ ಹಿಂದಿನ ಸೀಟಿನಲ್ಲಿ ಕೂತು ತಿಂದರು. ಅಪ್ಪ ರೇಡಿಯೇಟರು ಏರಿಸುತ್ತಾ, ಮಾತು ಸಿಕ್ಕಲ್ಲೆಲ್ಲ ಸದಾಶಿವನನ್ನು 'ತಾವು' ಎಂದರು; ಒಮ್ಮೆ ಸ್ಕ್ರೂಡ್ರೈವರನ್ನೂ 'ತಾವು' ಎಂದರು. ನೀರು ತುಂಬಿ, ಬೆಲ್ಟು ಬಿಗಿದು, ಕೆಳಗೆ ಪೇಪರು ಹಾಸಿ ಚಾಲೂ ಮಾಡಿದಾಗ ಕಾರು ಎರಡು ಸಲ ಕೆಮ್ಮಿ ಗುರುಗುಟ್ಟಿತು. ಲೋಟಗಳು ಸದ್ದು ಮಾಡಲಿಲ್ಲ. ಸುದ್ದಿ ತಿಳಿದು ಸಾವಂತ್ ಕಾಕಾ ಬಂದರು. ಅವರು, ಅಪ್ಪ, ಸಫಾರಿಯ ಅಣ್ಣ ಮೂವರೂ ಕುಕ್ಕರಗಾಲಲ್ಲಿ ಕೂತು ಪೇಪರನ್ನೇ ನೋಡಿದರು. ಟಪ್ ಎಂದು ಒಂದು ಹನಿ ಬಿತ್ತು. "ಗೇಲಾ," ಹೋಯಿತು ಎಂದು ಕಾಕಾ ನಿಟ್ಟುಸಿರುಬಿಟ್ಟರು. ಅಪ್ಪ ಕೈಚಾಚಿ ಹನಿಯನ್ನು ಬೆರಳಿಂದ ತೆಗೆದು ನಾಲಗೆಗೆ ಇಟ್ಟುಕೊಂಡರು.

"ನೀರು!" ಎಂದು ಅವರು ಕೂಗಿದ್ದು ಮೂರನೆಯ ಮಹಡಿಗೆ ಕೇಳಿತು. ರೇಡಿಯೇಟರು ತುಂಬುವಾಗ ಚೆಲ್ಲಿದ್ದು. ಆಮೇಲೆ ಎಷ್ಟು ಹೊತ್ತು ಕಾದರೂ ಪೇಪರು ಒಣಗಿಯೇ ಇತ್ತು. ಕಾಕಾ ಎದ್ದು ಮೊಣಕಾಲು ಒತ್ತಿಕೊಂಡು, ಬಿದಿರಿನವನಿಗೆ ಕಾರನ್ನು ಬಿಟ್ಟು ಮಂಟಪ ಹಾಕಲು ಹೇಳುತ್ತೇನೆ ಎಂದರು.

ಹೆಣ್ಣು ನೋಡುವುದೆಂದರೆ ತಗ್ಗಿಸಿದ ತಲೆ ಮತ್ತು ನಡುಗುವ ಟ್ರೇ ಎಂದಷ್ಟೇ ಆವರೆಗೆ ನಾನು ತಿಳಿದಿದ್ದೆ. ಮುಂದೆ ನನ್ನನ್ನು ನೋಡಲು ಜನ ಬರುವ ಕಾಲ ಬಂದಾಗ ನಾನು ಟ್ರೇ ಹಿಡಿಯಲಿಲ್ಲ. ನಮ್ಮ ಮನೆಯಲ್ಲಿ ಹಿಡಿ ಎಂದು ಯಾರೂ ಹೇಳಲೂ ಇಲ್ಲ. ಹೇಳುವ ಮುಖ ಯಾರಿಗಿತ್ತು?

ಕಾಂಪೌಂಡಿನ ನಲ್ಲಿಯ ಬಳಿ ಇಬ್ಬರೂ ಸೀಮೆಎಣ್ಣೆಯಲ್ಲಿ ಕೈಯುಜ್ಜಿ ತೊಳೆಯುತ್ತಿದ್ದರು. ನಲ್ಲಿಯಲ್ಲಿ ನೀರು ನಿಂತಿದ್ದರಿಂದ ಚೊಂಬಿನಿಂದ ಹೊಯ್ಯುವವಳು ನಾನು. ಹಾಗಾಗಿ ಕೇಳಿಸಿಕೊಂಡೆ.

"ನಾನು ಬೇಗ ಬಂದದ್ದು ನಿಮ್ಮ ಹತ್ರ ಒಂದು ಉಪಕಾರ ಕೇಳ್ಲಿಕ್ಕೆ," ಎಂದ ಸದಾಶಿವ. "ಹುಡುಗ ಬೇಡ ಅಂತ ನೀವೇ ಹೇಳಿಬಿಡಿ ಅಂತ. ಅಣ್ಣನ ಎದುರು ಹೇಳ್ಲಿಕ್ಕೆ ನನಗೆ ಧೈರ್ಯ ಇರ್ಲಿಲ್ಲ."

ಅತ್ತೆ ಉಗುರಿನ ಸಂದಿಯ ಮಸಿಯನ್ನು ತೆಗೆಯುತ್ತಿದ್ದಳು. "ಅಷ್ಟೇ ಅಲ್ವಾ? ಹೇಳ್ತೇನೆ ಬಿಡಿ."

"ಈಗ ಬೇಡ."

"ಎಂತ ಬೇಡ?"

"ಬೇಡ ಅಂತ ಹೇಳುವುದು ಬೇಡ."

ನಾನು ನೀರು ಹೊಯ್ಯುವುದನ್ನು ಮರೆತು ನಿಂತಿದ್ದೆ. ಅತ್ತೆ ನನ್ನ ಕೈಯಿಂದ ಚೊಂಬು ತೆಗೆದುಕೊಂಡು ಅವನ ಕೈಗೆ ತಾನೇ ನೀರು ಹೊಯ್ದಳು.

"ಬ್ರೇಕೂ ಸರಿಯಿಲ್ಲ," ಎಂದಳು. "ಮುಂದಿನ ಭಾನುವಾರ ಬಿಚ್ಚಲಿಕ್ಕುಂಟು."

ಅಣ್ಣ ಅತ್ತಿಗೆ ಆಟೋ ಹತ್ತುವಾಗ ವಾಡಿಕೆಯಂತೆ, ಊರಿಗೆ ಬರೆದು ತಿಳಿಸುತ್ತೇವೆ ಎಂದರು. ಅಪ್ಪ ಕೈಮುಗಿದರು. ಸದಾಶಿವ ಡ್ರೈವರನ ಪಕ್ಕದಲ್ಲಿ ಮುದುಡಿ ಕೂತ. ಆ ಸಂಜೆ ಅತ್ತೆ ಅಡುಗೆಮನೆಯಲ್ಲೇ ಉಳಿದು ಅಮ್ಮನ ಜೊತೆ ಕೂತು, ಹಿತ್ತಾಳೆಯ ಒರಳಿಗೆ ಹುಣಸೆಹಣ್ಣು ಹಚ್ಚಿ ಬೆಳಗಿದಳು.

ಊರಿನಿಂದ ಪತ್ರ ಬರುವುದಕ್ಕೆ ಸಮಯವೇ ಸಿಗಲಿಲ್ಲ. ಮುಂದಿನ ಭಾನುವಾರ ನಾವಿನ್ನೂ ಗಂಜಿ ಉಣ್ಣುತ್ತಿರುವಾಗ ಗೇಟು ಕಿರ್ರೆಂದಿತು. ಅಮ್ಮ ಕಿಟಕಿಯಿಂದ ಇಣುಕಿ ನೋಡಿ, ಇನ್ನೊಂದು ತಟ್ಟೆ ಹಾಕಿದಳು. ಸದಾಶಿವ ಒಬ್ಬನೇ ಬಂದಿದ್ದ. ಮೊಣಕೈಯಲ್ಲಿ ಹರಿದ ಹಳೆಯ ಅಂಗಿಯೊಂದನ್ನು ತೊಟ್ಟು ಬಂದಿದ್ದ.